ವಿಡಿಯೋ: ಊರಿಗೊಂದು ಪ್ರತಿ, ಪರದೇಶಕ್ಕೊಂದು ಪ್ರತಿ



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಲೆಕ್ಕಪತ್ರಕ್ಕೆ ಸಿಗದ ಆಸ್ತಿಯೊಂದಿದೆ. ಅದು ಬ್ಯಾಂಕಿನ ಲಾಕರಿನಲ್ಲಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿದೆ, ಇಲ್ಲವೇ ಮಾಳಿಗೆಯ ಹಳೆಯ ಸೂಟ್‌ಕೇಸಿನಲ್ಲಿದೆ. ಮಗಳ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟು, ಮಗನ ಉಪನಯನದ ವಿಸಿಡಿ, ಸಂಘದ ವಾರ್ಷಿಕೋತ್ಸವದ ಡಿವಿಡಿ, ಮಳೆಗಾಲದಲ್ಲಿ ನಡೆದ ಯಕ್ಷಗಾನದ ಚಿತ್ರೀಕರಣ, ಇವೇ ಆ ಆಸ್ತಿ. ಇವುಗಳಲ್ಲಿ ಕಾಣುವ ಎಷ್ಟೋ ಹಿರಿಯರು ಇಂದು ನಮ್ಮೊಡನೆ ಇಲ್ಲ. ಅವರ ನಗು, ಅವರ ಮಾತು, ಅವರು ಮೈಕಿನ ಮುಂದೆ ನಿಂತ ರೀತಿ ಉಳಿದಿರುವುದು ಈ ಪೆಟ್ಟಿಗೆಗಳಲ್ಲಿ ಮಾತ್ರ.

ಈ ಆಸ್ತಿಯ ಕುರಿತು ಸದಸ್ಯರು ಪದೇ ಪದೇ ಕೇಳುವ ಪ್ರಶ್ನೆ ಹೀಗಿದೆ: "ಇದನ್ನು ಅಮೆರಿಕದಲ್ಲಿರುವ ಮಗನಿಗೂ ಕಳಿಸಬೇಕು, ಊರಿನಲ್ಲಿರುವ ಅಮ್ಮನಿಗೂ ತೋರಿಸಬೇಕು. ಯಾವ ಫಾರ್ಮ್ಯಾಟಿನಲ್ಲಿ ಮಾಡಿಸಲಿ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಫಾರ್ಮ್ಯಾಟು ಎಲ್ಲರಿಗೂ ಸಲ್ಲದು. ಕಾಪಿಡುವುದಕ್ಕೆ ಒಂದು, ಅಂತರ್ಜಾಲಕ್ಕೆ ಒಂದು, ಡಿವಿಡಿ ಪ್ಲೇಯರಿಗೆ ಒಂದು, ಹೀಗೆ ಮೂರು ಬೇಕು. ಎರಡನೆಯದೂ ಮೂರನೆಯದೂ ಮೊದಲನೆಯದರಿಂದಲೇ ಹುಟ್ಟಬೇಕು. ಹಾಲಿನಿಂದ ಮೊಸರು, ಮಜ್ಜಿಗೆ ಎಲ್ಲವನ್ನೂ ಮಾಡಬಹುದು. ಮಜ್ಜಿಗೆಯಿಂದ ಮರಳಿ ಹಾಲು ಮಾಡಲಾಗದು. ವಿಡಿಯೋದ ಶಾಸ್ತ್ರವೆಲ್ಲ ಇಷ್ಟೇ. ಉಳಿದದ್ದು ವಿವರ.

ಡಬ್ಬಿ ಬೇರೆ, ಊಟ ಬೇರೆ

ಮುಂಬಯಿಯವರಾದ ನಮಗೆ ಡಬ್ಬಿಯ ಉದಾಹರಣೆ ಸುಲಭವಾಗಿ ಅರ್ಥವಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಡಬ್ಬಿಗಳೂ ಒಂದೇ ತೆರ. ಮುಚ್ಚಳ ತೆಗೆದಾಗಲೇ ಒಳಗಿರುವುದು ಚಪಾತಿಯೋ ನೀರುದೋಸೆಯೋ ಎಂದು ತಿಳಿಯುವುದು. ವಿಡಿಯೋ ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ೪, ಎವಿಐ, ಎಂಕೆವಿ, ವಿಒಬಿ ಎಂಬ ಅಕ್ಷರಗಳು ಡಬ್ಬಿಯ ಹೆಸರುಗಳು. ಒಳಗೆ ಚಿತ್ರವನ್ನು ಅಡಕಗೊಳಿಸಿರುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಅದೇ ಒಳಗಿನ ಊಟ. ಹಳೆಯ ವಿಸಿಡಿಯಲ್ಲಿ ಇರುವುದು ಎಂಪೆಗ್-೧, ಡಿವಿಡಿಯಲ್ಲಿ ಎಂಪೆಗ್-೨. ಇಂದಿನ ಮೊಬೈಲು, ಕಂಪ್ಯೂಟರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ೨೦೦೩ರಲ್ಲಿ ಸಿದ್ಧವಾದ ಎಚ್.೨೬೪. ಅದರ ತಮ್ಮನಾದ ಎಚ್.೨೬೫ ಅಥವಾ ಎಚ್‌ಇವಿಸಿ ಬಂದದ್ದು ೨೦೧೩ರಲ್ಲಿ.

"ಎಂಪಿ೪ ಮಾಡಿಸಿದ್ದೇನೆ, ಆದರೂ ಅಣ್ಣನ ಟಿವಿಯಲ್ಲಿ ಓಡುವುದಿಲ್ಲ" ಎಂಬ ದೂರಿನ ಗುಟ್ಟು ಇಲ್ಲೇ ಇದೆ. ಡಬ್ಬಿ ಪರಿಚಯದ್ದೇ, ಒಳಗಿನ ಊಟ ಆ ಟಿವಿಗೆ ಒಗ್ಗದು. ಹೊಸ ಫೋನುಗಳಲ್ಲಿ ಹಲವು ಜಾಗ ಉಳಿಸಲೆಂದು ಎಚ್.೨೬೫ರಲ್ಲಿ ಚಿತ್ರೀಕರಿಸುತ್ತವೆ, ಹಳೆಯ ಟಿವಿಗೆ ಅದು ತಿಳಿಯದ ಭಾಷೆ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಮೋಸ್ಟ್ ಕಂಪಾಟಿಬಲ್' ಅಥವಾ 'ಎಚ್.೨೬೪' ಎಂಬ ಆಯ್ಕೆ ಇದ್ದರೆ, ಮನೆಯ ಸಮಾರಂಭಕ್ಕೆ ಮೊದಲೇ ಅದನ್ನು ಆರಿಸಿಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ.

ಊರಿನ ಡಿವಿಡಿ ಪ್ಲೇಯರಿಗೆ

ಡಿವಿಡಿ ಹಳತಾಯಿತಲ್ಲ, ಇನ್ನೂ ಏಕೆ ಎಂದು ಕಿರಿಯರು ಕೇಳಬಹುದು. ಕಾರ್ಕಳದಲ್ಲೋ ಕುಂದಾಪುರದಲ್ಲೋ ಇರುವ ಎಂಬತ್ತು ವರ್ಷದ ಅಜ್ಜಿಗೆ ಮೊಬೈಲಿನ ಪುಟ್ಟ ಪರದೆ ಕಾಣದು, ಕೊಂಡಿ ಒತ್ತುವುದು ತಿಳಿಯದು. ತಟ್ಟೆ ಹಾಕಿ ಗುಂಡಿ ಒತ್ತಿದರೆ ಟಿವಿಯಲ್ಲಿ ಮೊಮ್ಮಗಳ ಭರತನಾಟ್ಯ ಮೂಡಬೇಕು. ಅವರಿಗೆ ಅದೇ ಸರಿಯಾದ ಫಾರ್ಮ್ಯಾಟು.

ಡಿವಿಡಿ ಎಂದೊಡನೆ ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ತಟ್ಟೆಯ ಮೇಲೆ ಎಂಪಿ೪ ಫೈಲನ್ನು ಸುಮ್ಮನೆ ನಕಲು ಮಾಡಿದರೆ ಅದು ವಿಡಿಯೋ ಡಿವಿಡಿ ಆಗುವುದಿಲ್ಲ. ಅದು ಫೈಲು ತುಂಬಿದ ತಟ್ಟೆ ಅಷ್ಟೇ. ಕಂಪ್ಯೂಟರು ಓದುತ್ತದೆ, ಹಳೆಯ ಪ್ಲೇಯರು ಓದುವುದಿಲ್ಲ. ಪ್ಲೇಯರಿಗೆ ಬೇಕಾದದ್ದು ಎಂಪೆಗ್-೨ ಚಿತ್ರ, ೪೮ ಕಿಲೋಹರ್ಟ್ಸ್‌ನ ಧ್ವನಿ, ಮತ್ತು 'ವಿಡಿಯೋ ಟಿಎಸ್' ಎಂಬ ಫೋಲ್ಡರಿನಲ್ಲಿ ನಿಯಮಬದ್ಧವಾಗಿ ಜೋಡಿಸಿದ ಫೈಲುಗಳು. ಈ ಜೋಡಣೆಗೆ 'ಆಥರಿಂಗ್' ಎನ್ನುತ್ತಾರೆ. ಅಂಗಡಿಯಲ್ಲಿ ಮಾಡಿಸುವಾಗ "ಡೇಟಾ ಡಿವಿಡಿ ಬೇಡ, ಪ್ಲೇಯರಿನಲ್ಲಿ ಓಡುವ ವಿಡಿಯೋ ಡಿವಿಡಿ ಬೇಕು" ಎಂದು ಸ್ಪಷ್ಟವಾಗಿ ಹೇಳಿ. ಮನೆಯಲ್ಲೇ ಮಾಡುವವರಿಗೆ ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶವಿದೆ.

ಎರಡನೆಯದು ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಭೇದ. ಭಾರತದ ಹಳೆಯ ಟಿವಿ ಪದ್ಧತಿ ಪಾಲ್. ಅದರಲ್ಲಿ ಸೆಕೆಂಡಿಗೆ ೨೫ ಚಿತ್ರಗಳು, ಡಿವಿಡಿಯಲ್ಲಾದರೆ ಅಡ್ಡಕ್ಕೆ ೭೨೦, ನೇರಕ್ಕೆ ೫೭೬ ಬಿಂದುಗಳು. ಅಮೆರಿಕದ್ದು ಎನ್‌ಟಿಎಸ್‌ಸಿ. ಅಲ್ಲಿ ಸೆಕೆಂಡಿಗೆ ಸುಮಾರು ೩೦ ಚಿತ್ರಗಳು, ೭೨೦ಕ್ಕೆ ೪೮೦ ಬಿಂದುಗಳು. ಇಲ್ಲಿ ಮಾಡಿಸಿದ ಪಾಲ್ ಡಿವಿಡಿಯನ್ನು ನ್ಯೂಜೆರ್ಸಿಗೆ ಅಂಚೆಯಲ್ಲಿ ಕಳಿಸಿದರೆ ಅಲ್ಲಿನ ಪ್ಲೇಯರುಗಳಲ್ಲಿ ಬಹಳಷ್ಟು ಅದನ್ನು ತಿರಸ್ಕರಿಸುತ್ತವೆ. ಆದುದರಿಂದ ಪರದೇಶಕ್ಕೆ ತಟ್ಟೆ ಬೇಡ, ಫೈಲು ಕಳಿಸಿ.

ಮೂರನೆಯದು ಅಳತೆ. ಸಾಮಾನ್ಯ ಡಿವಿಡಿಯಲ್ಲಿ ೪.೭ ಗಿಗಾಬೈಟ್ ಹಿಡಿಸುತ್ತದೆ. ಒಳ್ಳೆಯ ಗುಣಮಟ್ಟಕ್ಕೆ ಸೆಕೆಂಡಿಗೆ ೫ ಮೆಗಾಬಿಟ್ ಎಂದು ಹಿಡಿದರೆ ಸುಮಾರು ಎರಡು ತಾಸಿನ ಕಾರ್ಯಕ್ರಮ ಒಂದು ತಟ್ಟೆಗೆ ಸರಿಹೋಗುತ್ತದೆ. ಎಂಟು ತಾಸಿನ ಇಡೀ ರಾತ್ರಿಯ ಆಟವನ್ನು ಒಂದೇ ತಟ್ಟೆಗೆ ತುರುಕಲು ಹೋದರೆ ರಾಕ್ಷಸ ವೇಷದ ಮುಖವರ್ಣಿಕೆಯೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಅಂಥದಕ್ಕೆ ನಾಲ್ಕು ತಟ್ಟೆ ಮಾಡಿಸಿ. ಕಾಸು ಸ್ವಲ್ಪ ಹೆಚ್ಚಾದರೂ ಕಣ್ಣಿಗೆ ಸುಖ.

ತಟ್ಟೆಗೆ ಬದಲಾಗಿ ಪೆನ್ ಡ್ರೈವ್ ಕೊಡುವವರಿಗೂ ಒಂದು ಮಾತು. ಡಿವಿಡಿ ಪ್ಲೇಯರಿಗೆ ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಅದು ಎಚ್.೨೬೪ ಓದುತ್ತದೆಂದು ನಂಬಬೇಡಿ. ಹಳೆಯವು ಎಂಪೆಗ್-೧, ಎಂಪೆಗ್-೨ ಮತ್ತು ಡಿವ್‌ಎಕ್ಸ್ ಬಗೆಯ ಎವಿಐ ಫೈಲುಗಳಿಗಷ್ಟೇ ಒಗ್ಗುತ್ತವೆ. ಇನ್ನು ಫ್ಯಾಟ್-೩೨ ಪದ್ಧತಿಯ ಪೆನ್ ಡ್ರೈವಿನಲ್ಲಿ ೪ ಗಿಗಾಬೈಟಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ. ದೊಡ್ಡದನ್ನು ಎರಡು ಭಾಗ ಮಾಡಿ ಹಾಕಿ.

ಪರದೇಶದ ಮಕ್ಕಳಿಗೆ, ಅಂತರ್ಜಾಲಕ್ಕೆ

ಅಂತರ್ಜಾಲದ ಮೂಲಕ ಹಂಚುವುದಕ್ಕೆ ಕಣ್ಣು ಮುಚ್ಚಿ ಆರಿಸಬಹುದಾದದ್ದು ಎಂಪಿ೪ ಡಬ್ಬಿ, ಒಳಗೆ ಎಚ್.೨೬೪ ಚಿತ್ರ, ಎಎಸಿ ಧ್ವನಿ. ಇಂದಿನ ಫೋನು, ಟಿವಿ, ಕಂಪ್ಯೂಟರುಗಳಲ್ಲಿ ಇದು ಓಡದ ಸ್ಥಳ ವಿರಳ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮನೆಯಲ್ಲೇ ಮಾಡಬಹುದು. ಅದರಲ್ಲಿ 'ಆರ್‌ಎಫ್' ಎಂಬ ಗುಣಮಟ್ಟದ ಅಂಕಿ ಇರುತ್ತದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಹಳೆಯ ಕ್ಯಾಸೆಟ್ಟು, ಡಿವಿಡಿಗಳಿಗೆ ೧೮ರಿಂದ ೨೨ರ ನಡುವೆ ಇಟ್ಟರೆ ಸಾಕು. 'ವೆಬ್ ಆಪ್ಟಿಮೈಸ್ಡ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಫೈಲು ಪೂರ್ತಿ ಇಳಿಯುವ ಮೊದಲೇ ಚಿತ್ರ ಆರಂಭವಾಗುತ್ತದೆ.

ಹಳೆಯ ಚಿತ್ರೀಕರಣಕ್ಕೆ ಮಾತ್ರ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಪಾಲ್ ಪದ್ಧತಿಯ ಕ್ಯಾಸೆಟ್ಟಿನಲ್ಲಿ ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ದಾಖಲಾಗಿರುತ್ತದೆ. ಒಮ್ಮೆ ಬೆಸ ಸಾಲುಗಳು, ಇನ್ನೊಮ್ಮೆ ಸಮ ಸಾಲುಗಳು, ಒಟ್ಟು ಸೆಕೆಂಡಿಗೆ ೫೦ ಅರ್ಧಚಿತ್ರಗಳು. ಹಳೆಯ ಡಬ್ಬಾ ಟಿವಿಗೆ ಇದು ಸಹಜವಾಗಿತ್ತು. ಕಂಪ್ಯೂಟರಿನಲ್ಲಿ ಹಾಗೆಯೇ ನೋಡಿದರೆ, ವೇಷಧಾರಿ ಧಿಗಿಣ ಹೊಡೆಯುವಾಗ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಾಣುತ್ತವೆ. ಅಂತರ್ಜಾಲದ ಪ್ರತಿಗೆ ಇವನ್ನು 'ಡಿಇಂಟರ್ಲೇಸ್' ಮಾಡಿ ನಿವಾರಿಸಬೇಕು. ಸಾಧ್ಯವಾದರೆ ಸೆಕೆಂಡಿಗೆ ೫೦ ಚಿತ್ರಗಳನ್ನು ಉಳಿಸಿಕೊಳ್ಳಿ, ಕುಣಿತದ ಓಟ ಹಾಗೆಯೇ ಉಳಿಯುತ್ತದೆ. ಡಿವಿಡಿ ಪ್ರತಿಗೆ ಮಾತ್ರ ಇದನ್ನು ಮಾಡುವುದು ಬೇಡ, ಮೂಲದಲ್ಲಿದ್ದಂತೆಯೇ ಬಿಡಬೇಕು. ಊರಿಗೂ ಪರದೇಶಕ್ಕೂ ಒಂದೇ ಪ್ರತಿ ಏಕೆ ಸಲ್ಲದೆಂಬುದಕ್ಕೆ ಇದೊಂದು ಕಾರಣವೇ ಸಾಕು.

ಇನ್ನೊಂದು ಸಾಮಾನ್ಯ ವಿಕಾರವೆಂದರೆ ಮುಖ ಅಗಲವಾಗುವುದು. ಹಳೆಯ ಚಿತ್ರದ ಚೌಕಟ್ಟು ನಾಲ್ಕಕ್ಕೆ ಮೂರು, ಇಂದಿನ ಟಿವಿಯದ್ದು ಹದಿನಾರಕ್ಕೆ ಒಂಬತ್ತು. ಪರದೆ ತುಂಬಲೆಂದು ಎಳೆದರೆ ಮದುಮಗಳು ವಿನಾಕಾರಣ ದಪ್ಪಗಾಗುತ್ತಾಳೆ. ಎರಡು ಬದಿಗೆ ಕಪ್ಪು ಪಟ್ಟಿ ಇರಲಿ, ಚಿತ್ರ ಇದ್ದಂತೆ ಇರಲಿ. ಹಾಗೆಯೇ "ಕ್ಯಾಸೆಟ್ಟನ್ನು ಎಚ್‌ಡಿ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಹೆಚ್ಚು ಹಣ ಕೊಡಬೇಡಿ. ಕ್ಯಾಸೆಟ್ಟಿನಲ್ಲಿ ಇಲ್ಲದ ವಿವರವನ್ನು ಯಾರೂ ಅದರಿಂದ ಹೊರತೆಗೆಯಲಾರರು.

ಕಳಿಸುವ ದಾರಿಯ ಬಗ್ಗೆಯೂ ಎಚ್ಚರ ಬೇಕು. ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ದಾರಿಯಲ್ಲೇ ಚಿತ್ರವನ್ನು ಇನ್ನಷ್ಟು ಹಿಂಡುತ್ತದೆ. 'ಡಾಕ್ಯುಮೆಂಟ್' ಎಂದು ಲಗತ್ತಿಸಿದರೆ ಇದ್ದಂತೆಯೇ ತಲುಪುತ್ತದೆ; ೨೦೨೨ರಿಂದ ಹೀಗೆ ೨ ಗಿಗಾಬೈಟಿನವರೆಗೆ ಕಳಿಸಬಹುದಾಗಿದೆ. ಸೆಕೆಂಡಿಗೆ ೨ ಮೆಗಾಬಿಟ್‌ನ ಎಂಪಿ೪ ಒಂದು ತಾಸಿಗೆ ಸುಮಾರು ೯೦೦ ಮೆಗಾಬೈಟ್ ಆಗುವುದರಿಂದ ಎರಡು ತಾಸಿನ ಮದುವೆ ಇದರಲ್ಲಿ ಹೋದೀತು. ಯೂಟ್ಯೂಬಿನಲ್ಲಿ ಹಾಕುವುದಾದರೆ ಫೋನ್ ನಂಬರಿನಿಂದ ದೃಢೀಕರಿಸದ ಖಾತೆಗೆ ೧೫ ನಿಮಿಷದ ಮಿತಿ. ದೃಢೀಕರಿಸಿದ ಮೇಲೆ ೧೨ ತಾಸಿನವರೆಗೂ ಹಾಕಬಹುದು. ಇಡೀ ರಾತ್ರಿಯ ಆಟಕ್ಕೂ ಸಾಕು. ಮನೆಯ ಸಮಾರಂಭವಾದರೆ 'ಅನ್‌ಲಿಸ್ಟೆಡ್' ಎಂದು ಆರಿಸಿ. ಕೊಂಡಿ ಸಿಕ್ಕವರಷ್ಟೇ ನೋಡುತ್ತಾರೆ, ಹುಡುಕಿದವರಿಗೆಲ್ಲ ಸಿಗುವುದಿಲ್ಲ.

ಆದರೆ ಸಭಾಗೃಹದ ಕಾರ್ಯಕ್ರಮವನ್ನು ಎಲ್ಲರಿಗೂ ತೆರೆದಿಡುವ ಮುನ್ನ ಕಲಾವಿದರ ಅನುಮತಿ ಕೇಳುವುದು ನಮ್ಮ ಸಂಸ್ಕೃತಿಯೂ ಹೌದು, ಕಾನೂನೂ ಹೌದು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೩೮ನೆಯ ಕಲಮು ಪ್ರದರ್ಶನ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ೫೦ ವರ್ಷಗಳ ಹಕ್ಕು ಕೊಟ್ಟಿದೆ. ಮಕ್ಕಳ ನೃತ್ಯಕ್ಕೆ ಸಿನಿಮಾ ಹಾಡು ಬಳಸಿದ್ದರೆ ಯೂಟ್ಯೂಬು ಆ ಭಾಗದ ಧ್ವನಿ ಅಡಗಿಸಲೂಬಹುದು.

ಮೂಲ ಪ್ರತಿಯೇ ಮುಖ್ಯ

ಈಗ ಹಾಲಿನ ವಿಚಾರ. ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟವರಲ್ಲಿ ಹೆಚ್ಚಿನವರು ಒಂದು ಡಿವಿಡಿಯನ್ನೋ ಪುಟ್ಟ ಎಂಪಿ೪ ಫೈಲನ್ನೋ ತಂದು "ಕೆಲಸ ಮುಗಿಯಿತು" ಎಂದು ಕ್ಯಾಸೆಟ್ಟನ್ನು ರದ್ದಿಗೆ ಹಾಕುತ್ತಾರೆ. ಇದು ಸರಿಯಲ್ಲ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ದೊಡ್ಡ ಫೈಲನ್ನು, ಕತ್ತರಿಸದೆ ಕುಗ್ಗಿಸದೆ, ಹಾರ್ಡ್ ಡಿಸ್ಕಿನಲ್ಲಿ ಕೇಳಿ ಪಡೆಯಿರಿ. ಡಿವಿ ಪದ್ಧತಿಯಲ್ಲಿ ಇಳಿಸಿದರೆ ಒಂದು ತಾಸಿಗೆ ಸುಮಾರು ೧೩ ಗಿಗಾಬೈಟ್ ಆಗುತ್ತದೆ. ಇಂದಿನ ಹಾರ್ಡ್ ಡಿಸ್ಕುಗಳಿಗೆ ಅದೇನೂ ಭಾರವಲ್ಲ. ನಿಮ್ಮಲ್ಲಿ ಇರುವುದು ಡಿವಿಡಿ ಮಾತ್ರ ಎಂದಾದರೆ, ಆ ತಟ್ಟೆಯ 'ವಿಡಿಯೋ ಟಿಎಸ್' ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ಇಟ್ಟುಕೊಳ್ಳಿ. ಅದೇ ನಿಮ್ಮ ಮೂಲ. ಅಲ್ಲಿನ ವಿಒಬಿ ಫೈಲುಗಳು ಒಂದೊಂದೂ ಹೆಚ್ಚೆಂದರೆ ೧ ಗಿಗಾಬೈಟಿನ ತುಂಡುಗಳು. ಒಂದನ್ನಷ್ಟೇ ತೆಗೆದುಕೊಂಡರೆ ಮುಹೂರ್ತ ಸಿಕ್ಕೀತು, ಧಾರೆ ತಪ್ಪಿಹೋದೀತು.

ಆತುರವೇಕೆ ಎಂದು ಕೇಳಬಹುದು. ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪೆನಿಯಾದ ಜಪಾನಿನ ಫುನಾಯ್ ೨೦೧೬ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ಟೇಪಿನಲ್ಲಿರುವ ದಾಖಲೆಗಳನ್ನು ೨೦೨೫ರೊಳಗೆ ಇಳಿಸಿಕೊಳ್ಳದಿದ್ದರೆ ಬಹಳಷ್ಟು ಕೈತಪ್ಪುತ್ತವೆಂದು ೨೦೧೫ರಲ್ಲೇ ಎಚ್ಚರಿಸಿತ್ತು. ಆ ಗಡುವು ಬಂದೇ ಬಿಟ್ಟಿತು. ಯಂತ್ರ ಸಿಕ್ಕರೂ ತಲೆ ಸವೆದಿರುತ್ತದೆ, ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮೂರು ತಾಸಿನ ಕ್ಯಾಸೆಟ್ಟು ಇಳಿಸಲು ಮೂರು ತಾಸೇ ಬೇಕು, ಅವಸರಿಸುವಂತಿಲ್ಲ.

ನಮ್ಮ ಕಡೆ ಮಳೆಯೂ ಒಂದು ಶತ್ರು. ಮಳೆಗಾಲದ ಶೀತಕ್ಕೆ ಟೇಪಿನ ಸುರುಳಿಯ ಮೇಲೆ ಬೂಷ್ಟು ಬಿಳಿಯ ಪುಡಿಯಂತೆ ಕೂರುತ್ತದೆ. ಅಂತಹ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ 'ನೋಡೋಣ' ಎನ್ನಬೇಡಿ. ಟೇಪೂ ಹರಿದೀತು, ಯಂತ್ರಕ್ಕಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡೀತು. ಶುಚಿಮಾಡಲು ಬಲ್ಲವರಿಗೇ ಕೊಡಿ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ್, ಡೊಂಬಿವಲಿ ಕಡೆಯ ತಗ್ಗು ಪ್ರದೇಶಗಳಿಗೂ ನೀರು ನುಗ್ಗಿದ್ದನ್ನು ನಮ್ಮ ಓದುಗರು ಮರೆತಿರಲಾರರು. ನೆಲಮಹಡಿಯ ಮನೆಗೆ ನೀರು ನುಗ್ಗಿದರೆ ಪಾತ್ರೆಪಗಡಿ ತೊಳೆದು ಬಳಸಬಹುದು. ಕೆಸರು ಹೊಕ್ಕ ಮದುವೆಯ ಕ್ಯಾಸೆಟ್ಟು ಮರಳಿ ಬರುವುದಿಲ್ಲ. ಆದುದರಿಂದ ಮೂಲ ಪ್ರತಿ ಒಂದೇ ಕಡೆ ಇರಬಾರದು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಇರಲಿ. ಒಂದು ಹಾರ್ಡ್ ಡಿಸ್ಕು ಡೊಂಬಿವಲಿಯಲ್ಲಿದ್ದರೆ ಇನ್ನೊಂದು ಊರಿನ ಅಣ್ಣನ ಮನೆಯಲ್ಲಿರಲಿ. ಡಿವಿಡಿಯನ್ನೇ ನಂಬಿ ಕೂರಬೇಡಿ. ಮನೆಯಲ್ಲಿ ಬರೆಯುವ ತಟ್ಟೆಯಲ್ಲಿ ಇರುವುದು ಬಣ್ಣದ ಲೇಪ. ಬಿಸಿಲು, ಸೆಖೆಗೆ ಅದು ಮಾಸುತ್ತದೆ.

ಹೆಸರು ಹೇಳುವವರು ಇರುವಾಗಲೇ

ಇಷ್ಟೆಲ್ಲ ಮಾಡಿದ ಮೇಲೂ ಫಾರ್ಮ್ಯಾಟು ಉಳಿಸಿಕೊಡಲಾರದ ಒಂದು ಸಂಗತಿ ಇದೆ. ಚಿತ್ರದಲ್ಲಿರುವವರು ಯಾರು ಎಂಬುದು.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುವುದು ಬಹುಕಾಲದ ರೂಢಿ. ಥಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಂತಹ ಸಭಾಗೃಹಗಳಲ್ಲಿಯೋ ಶಾಲೆಯ ಸಭಾಂಗಣದಲ್ಲಿಯೋ ನೀವು ಕಂಡ ಆಟ, ಕೂಟ, ನಾಟಕಗಳನ್ನು ಯಾರಾದರೊಬ್ಬರು ಹೆಗಲ ಮೇಲೆ ಕ್ಯಾಮೆರಾ ಹೊತ್ತು ಚಿತ್ರೀಕರಿಸಿರಬಹುದು. ೧೯೯೦ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು ಇಂದಿನ ತರುಣರು ಕೇಳುತ್ತಿರುವುದು ಧ್ವನಿಸುರುಳಿಗಳ ಕೃಪೆಯಿಂದ. ಶೇಣಿ ಗೋಪಾಲಕೃಷ್ಣ ಭಟ್ಟರು ೨೦೦೬ರಲ್ಲಿ, ಕೆರೆಮನೆ ಶಂಭು ಹೆಗಡೆಯವರು ೨೦೦೯ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ೨೦೧೭ರಲ್ಲಿ ನಮ್ಮನ್ನಗಲಿದರು. ಅಂತಹವರ ಒಂದು ಪ್ರಸಂಗದ ತುಣುಕು ನಿಮ್ಮ ಸೂಟ್‌ಕೇಸಿನಲ್ಲಿ ಮಲಗಿರಬಾರದೇಕೆ? ದೊಡ್ಡವರನ್ನು ಜನ ಗುರುತಿಸಿಯಾರು. ಆದರೆ ಆ ರಾತ್ರಿ ಚೆಂಡೆ ಬಾರಿಸಿದವರು ಯಾರು, ಸ್ವಾಗತ ಭಾಷಣ ಮಾಡಿದ ಹಿರಿಯರು ಯಾರು, ಬಾಲಗೋಪಾಲ ವೇಷದ ಮಕ್ಕಳು ಯಾರ ಮನೆಯವರು ಎಂದು ಹೇಳಬಲ್ಲವರು ಈಗ ಎಪ್ಪತ್ತು, ಎಂಬತ್ತರ ಹರೆಯದವರು.

ಆದುದರಿಂದ ಮೊದಲು ತಯಾರಾದ ಅಂತರ್ಜಾಲದ ಪ್ರತಿಯನ್ನು ಅವರ ಎದುರಿಗೆ ಇಟ್ಟು ಕುಳಿತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸ್ಥಳ, ಪ್ರಸಂಗ, ಹೆಸರುಗಳನ್ನು ಬರೆದುಕೊಳ್ಳಿ. ಫೈಲಿಗೆ 'ಹೊಸ ವಿಡಿಯೋ ೩' ಎಂದು ಹೆಸರಿಡದೆ ವರ್ಷ, ತಿಂಗಳು, ದಿನ, ಊರು, ಸಮಾರಂಭ ಎಂಬ ಕ್ರಮದಲ್ಲಿ ಹೆಸರಿಡಿ. ಬರೆದುಕೊಂಡ ಪಟ್ಟಿಯನ್ನು ಅದೇ ಫೋಲ್ಡರಿನಲ್ಲಿ ಸೇರಿಸಿ. ಡಿವಿಡಿ ಮಾಡಿಸಿದರೆ ಪೆಟ್ಟಿಗೆಯೊಳಗೆ ಒಂದು ಚೀಟಿಯಾಗಿ ಇಡಿ. ತಟ್ಟೆಯ ಮೇಲೆ ಮಾತ್ರ ಕಾಗದ ಅಂಟಿಸಬೇಡಿ.

ಈ ತಿಂಗಳು ತಮ್ಮಿಂದ ಬೇಡುವ ಕೆಲಸ ದೊಡ್ಡದೇನಲ್ಲ. ಬರುವ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಆ ಸೂಟ್‌ಕೇಸನ್ನು ಕೆಳಗಿಳಿಸಿ. ಕ್ಯಾಸೆಟ್ಟುಗಳೆಷ್ಟು, ವಿಸಿಡಿಗಳೆಷ್ಟು, ಡಿವಿಡಿಗಳೆಷ್ಟು ಎಂದು ಎಣಿಸಿ ಪಟ್ಟಿ ಮಾಡಿ. ಅತಿ ಹಳೆಯ ಕ್ಯಾಸೆಟ್ಟನ್ನು ಎಲ್ಲಕ್ಕಿಂತ ಮೊದಲು ಇಳಿಸಲು ಕೊಡಿ. ಮಗನಿಗೆ ಎಂಪಿ೪ ತಲುಪಲಿ, ಅಮ್ಮನಿಗೆ ಡಿವಿಡಿ ತಲುಪಲಿ, ಮೂಲ ನಿಮ್ಮಲ್ಲಿ ಭದ್ರವಾಗಿರಲಿ. ಸಂಘದ ಹಳೆಯ ಕಾರ್ಯಕ್ರಮಗಳ ಚಿತ್ರೀಕರಣ ಯಾರಲ್ಲಾದರೂ ಇದ್ದರೆ ದಯವಿಟ್ಟು ಕಾರ್ಯದರ್ಶಿಯವರಿಗೆ ಒಂದು ಮಾತು ತಿಳಿಸಿ. ಅದರಲ್ಲಿರುವ ಮುಖಗಳಿಗಾಗಿ ಕಾಯುತ್ತಿರುವ ಮನೆಗಳು ಒಂದೆರಡಲ್ಲ.